ಶೂ ಒಳಗಿನ ಬಿಳಿ ಪುಡಿ

ನನ್ನ ಮಗಳಿಗೆ ನಲವತ್ತು ದಾಟಿದೆ, ಇಬ್ಬರು ಮಕ್ಕಳ ತಾಯಿ. ಈ ವಯಸ್ಸಿನಲ್ಲಿ ಅವಳಿಗೆ ಟ್ರಯತ್ಲಾನ್ ಹುಚ್ಚು ಹಿಡಿಯಿತು. ಮೊದಲು ಈಜಬೇಕು, ಒದ್ದೆ ಮೈಯಲ್ಲೇ ಸೈಕಲ್ ತುಳಿಯಬೇಕು, ಸೈಕಲ್ ಇಳಿದ ಕೂಡಲೇ ಓಡಬೇಕು. ನಡುವೆ ಕೂತು ಒಂದು ಲೋಟ ಕಾಫಿ ಕುಡಿಯುವ ಹಾಗಿಲ್ಲ. ಮೂರನೇ ಕ್ಲಾಸು ಓದಿದ ನನಗೆ ಇದರ ತಲೆಬುಡ ತಿಳಿಯಲಿಲ್ಲ.

ಅವಳಿಗೆ ಕಷ್ಟವಾಗುತ್ತಿದ್ದದ್ದು ಸೈಕಲ್ ಇಳಿದ ಮೇಲಿನ ಓಟ. ಅದಕ್ಕೆಂದೇ ಭಾನುವಾರ ಬೆಳಿಗ್ಗೆ ರಾಮಮೂರ್ತಿ ನಗರದ ನಮ್ಮ ಮನೆಯಿಂದ ಹೊರಟು, ಕೆ.ಆರ್. ಪುರಂ ದಾಟಿ ಹೊಸಕೋಟೆ ಕಡೆ ಸೈಕಲ್ ಹೊಡೆದು ಬರುತ್ತಿದ್ದಳು. ಗೇಟಿನ ಮುಂದೆ ಇಳಿದು, ಶೂ ಬದಲಿಸಿ, ಹಾಗೇ ಹೊರಮಾವಿನ ಕಡೆ ಓಡಬೇಕು. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ. ಸೈಕಲ್ ಹಿಡಿದು ಒಳಗೆ ನಿಲ್ಲಿಸುತ್ತಿದ್ದವಳು ನಮ್ಮ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿರುವ ಹೆಂಗಸು. ಕಲಬುರಗಿ ಕಡೆಯವಳು. ಗಂಡನದು ಗಾರೆ ಕೆಲಸ, ಅವಳು ನಾಲ್ಕು ಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ. ಭಾನುವಾರ ಒಂದು ದಿನ ಅವಳಿಗೆ ಬಿಡುವು. ಅದನ್ನೂ ನನ್ನ ಮಗಳಿಗೆ ಕೊಟ್ಟಿದ್ದಳು.

ಒಂದು ಭಾನುವಾರ ಅಮಾವಾಸ್ಯೆ ಬಿದ್ದಿತ್ತು. ಬಾಗಿಲಿಗೆ ನೀರು ಹಾಕಲು ಹೊರಗೆ ಬಂದೆ. ಮೆಟ್ಟಿಲ ಮೇಲೆ ಮಗಳ ಓಟದ ಶೂ ಇದ್ದವು. ಬಗ್ಗಿ ನೋಡಿದರೆ ಒಳಗೆಲ್ಲ ಬಿಳಿ ಪುಡಿ. ಹಿಂದಿನ ದಿನವಷ್ಟೇ ಸಂಪಿನ ನೀರಿನ ವಿಷಯಕ್ಕೆ ಆ ಹೆಂಗಸಿಗೂ ನನಗೂ ಮಾತಾಗಿತ್ತು. ಅವಳು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು.

"ಏನೇ ಇದು? ಅಮಾಸೆ ದಿನ ನನ್ ಮಗಳ ಶೂಗೆ ಏನ್ ಹಾಕಿದ್ದೀಯ?"

"ನಾ ಏನೂ ಹಾಕಿಲ್ರಿ ಅಮ್ಮಾ."

"ನೀರು ಬಿಡ್ಲಿಲ್ಲ ಅಂತ ಮಾಟ ಮಾಡಿಸ್ತೀಯಾ? ನಮ್ಮನೇಲೇ ಇದ್ಕೊಂಡು?"

ನನ್ನ ಗಂಟಲು ಮೊದಲೇ ದೊಡ್ಡದು. ಎದುರು ಮನೆಯವರು ಬಾಲ್ಕನಿಗೆ ಬಂದರು. ಹೂ ಮಾರುವ ತಮಿಳಮ್ಮ ಬುಟ್ಟಿ ಇಳಿಸಿ ನಿಂತಳು. ಜನ ಸೇರಿದಷ್ಟೂ ನನಗೆ ಹುರುಪು. ಕೈಯಲ್ಲಿ ಮುಟ್ಟಬಾರದೆಂದು ಶೂಗಳನ್ನು ಪೊರಕೆಯಲ್ಲಿ ಎತ್ತಿ, ಉಪ್ಪು ನೀರಿನ ಬಕೆಟ್ಟಿಗೆ ಹಾಕಿ ಅದ್ದಿದೆ.

ಅಷ್ಟರಲ್ಲಿ ಮಗಳು ಬಂದಳು. ಸೈಕಲ್ ಇಳಿದು ಮೆಟ್ಟಿಲ ಕಡೆ ಓಡಲು ಹೋದಳು, ಕಾಲು ಮಾತು ಕೇಳಲಿಲ್ಲ. ಮೊಣಕಾಲು ಬಿಗಿದುಕೊಂಡು, ಆಗ ತಾನೇ ಎದ್ದು ನಿಂತ ಕರುವಿನ ಹಾಗೆ ಅತ್ತ ಇತ್ತ ಓಲಾಡಿದಳು. ನಾನು ಇದನ್ನು ಎಂದೂ ನೋಡಿದವಳಲ್ಲ.

"ನೋಡಿ, ನೋಡಿ! ಹೋಯ್ತು ನನ್ ಮಗಳ ಕಾಲು! ನಾನ್ ಹೇಳ್ಲಿಲ್ವಾ?"

"ಅಮ್ಮಾ, ಬಾಯ್ ಮುಚ್ಚು! ಏನಾಯ್ತು?"

ನಾನು ಬಕೆಟ್ ತೋರಿಸಿದೆ. ಮಗಳು ಹಣೆ ಚಚ್ಚಿಕೊಂಡಳು.

"ಅದು ಮಕ್ಕಳಿಗೆ ಹಚ್ಚೋ ಪೌಡರ್. ನಾನೇ ಹಾಕಿಟ್ಟು ಹೋಗಿದ್ದು, ಬೆವರಿದ ಕಾಲು ಬೇಗ ಒಳಗೆ ಜಾರ್ಲಿ ಅಂತ."

"ಮತ್ತೆ ಕಾಲು?"

"ಅಷ್ಟ್ ಹೊತ್ತು ಪೆಡಲ್ ತುಳಿದು ಇಳಿದ್ರೆ ಎಲ್ರಿಗೂ ಹಿಂಗೇ ಆಗೋದು. ಕಾಲು ಇನ್ನೂ ತುಳೀತಾನೇ ಇದೀನಿ ಅನ್ಕೊಂಡಿರುತ್ತೆ. ಅದನ್ನ ಪಳಗಿಸೋಕೇ ತಾನೇ ವಾರ ವಾರ ಈ ಪಾಡು!"

ಬಾಲ್ಕನಿಯಲ್ಲಿ ಯಾರೋ ಕಿಸಕ್ಕೆಂದರು. ಆ ಹೆಂಗಸು ಬಂದು ಸೈಕಲ್ ಹಿಡಿದು ಒಳಗೆ ನಿಲ್ಲಿಸಿ, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗಳು ಉಪ್ಪು ನೀರು ಸುರಿಯುವ ಶೂ ಹಾಕಿಕೊಂಡೇ ಓಡಿದಳು. ಬಂದಾಗ ಹಿಮ್ಮಡಿ ಸುಲಿದಿತ್ತು.

ಮಧ್ಯಾಹ್ನ ಆ ಗಂಡ ಹೆಂಡತಿ ಬೇರೆ ರೂಮು ವಿಚಾರಿಸುತ್ತಿದ್ದಾರೆಂದು ತಿಳಿಯಿತು. ಬಾಡಿಗೆಗೆ ಇನ್ನೊಬ್ಬರು ಸಿಗುತ್ತಾರೆ, ಅದಲ್ಲ. ಮಾಟಗಾತಿ ಎನಿಸಿಕೊಂಡು ಅವಳು ಈ ಬೀದಿ ಬಿಟ್ಟು ಹೋದರೆ, ಆ ಹೆಸರು ಅವಳ ಬೆನ್ನಿಗೇ ಅಂಟಿಕೊಂಡು ಹೋಗುತ್ತದೆ. ಅಂಟಿಸಿದವಳು ನಾನು. ಸಂಜೆ ಒಂದು ಡಬ್ಬಿಗೆ ಹುಳಿ, ಪಲ್ಯ ತುಂಬಿಕೊಂಡು ಕೆಳಗೆ ಹೊರಟೆ. ಮಗಳು ಅಡ್ಡ ನಿಂತಳು.

"ಬೀದೀಲಿ ಬೈದು, ಡಬ್ಬೀಲಿ ಕ್ಷಮೆ ಕೇಳ್ತೀಯಾ?"

ಡಬ್ಬಿ ಇಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ಹೂವಿನವಳು ಬರುವವರೆಗೆ ಕಾದೆ. ಎದುರು ಮನೆಯವರೂ ಹಾಲು ತರಲು ಹೊರಗೆ ಬಂದಿದ್ದರು. ಕೆಲಸಕ್ಕೆ ಹೊರಟಿದ್ದ ಅವಳನ್ನು ಗೇಟಿನಲ್ಲಿ ನಿಲ್ಲಿಸಿ, "ತಪ್ಪಾಯ್ತು ಕಣವ್ವಾ. ನೀನೇನೂ ಮಾಡಿಲ್ಲ" ಎಂದೆ. ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ್ದೆ.

"ಜೋರಾ ಹೇಳ್ಮಾ," ಎಂದಳು ಹೂವಿನವಳು. "ನಿನ್ನೆ ಹಲಸೂರಿಗೇ ಕೇಳಿಸ್ತಲ್ಲಾ!"

ಎಲ್ಲರೂ ನಕ್ಕರು. ನಾನು ಮತ್ತೆ ಹೇಳಿದೆ, ಜೋರಾಗಿ. ಮುಖ ಸುಡುತ್ತಿತ್ತು. ಅವಳು ಮಾತ್ರ ನಗಲಿಲ್ಲ.

"ಆತ್ ಬಿಡ್ರಿ ಅಮ್ಮಾ," ಎಂದು ನೆಲ ನೋಡಿಕೊಂಡು ಹೋದಳು.

ಅವರು ರೂಮು ಬಿಡಲಿಲ್ಲ. ಮುಂದಿನ ಭಾನುವಾರ ಮಗಳು ತಿರುವಿನಲ್ಲಿ ಕಾಣಿಸಿದಾಗ ಆ ಹೆಂಗಸು ತನ್ನ ಬಾಗಿಲಲ್ಲಿ ನಿಂತಿದ್ದಳು. ಸೈಕಲ್ ಹಿಡಿಯಲು ನಾನು ಕರೆದೆ.

"ನೀವೇ ಹಿಡೀರಿ ಅಮ್ಮಾ," ಎಂದಳು. "ನಾ ಮುಟ್ಟಂಗಿಲ್ರಿ. ಅಕ್ಕಾರು ಎಲ್ಲ್ಯರ ಬಿದ್ದ್ರ ಮತ್ತ ನನ್ ಮ್ಯಾಲೇ ಬರ್ತದ."

ನಾನೇ ಗೇಟಿಗೆ ಹೋದೆ. ಮಗಳು ಇಳಿದು, ಓಲಾಡುವ ಕಾಲನ್ನು ಎಳೆದುಕೊಂಡು ಓಡಿದಳು. ಬೀದಿಯಲ್ಲಿ ಸೈಕಲ್ ಹಿಡಿದು ನಿಂತೆ. ಅವಳ ಬಾಗಿಲಿನ ಕಡೆ ತಿರುಗಿ ನೋಡಲು ಆಗಲಿಲ್ಲ.