ಗೋಪಾಲಸ್ವಾಮಿ ಪಟದ ಮುಂದಿಟ್ಟ ಬ್ಯಾಡ್ಜು

ರೀ, ಆ ಬ್ಯಾಡ್ಜು ನೀವು ಮರೆತದ್ದಲ್ಲ. ನಾನು ತೆಗೆದಿಟ್ಟದ್ದು. ಇಷ್ಟು ವರ್ಷ ನಿಮಗೆ ಹೇಳಲಿಲ್ಲ.

ತೆಲಂಗಾಣದ ಕಲ್ಲಿದ್ದಲು ಗಣಿಯಲ್ಲಿ ನಿಮ್ಮ ಕೆಲಸ — ಕೊರೆದ ಬೋರಿನೊಳಗೆ ಉದ್ದನೆಯ ಕೊಳವೆ ಇಳಿಸಿ, ಕಲ್ಲಿದ್ದಲ ಮೇಲಿನ ಬಂಡೆ ಗಟ್ಟಿಯೋ ಬಿರುಕೋ ಅಂತ ಗ್ರಾಫ್ ತೆಗೆಯೋದು. ಕೆಳಗೆ ದುಡಿಯುವವರಿಗೆ ಆ ಬಂಡೆಯೇ ಸೂರು. ಕೊಳವೆಯಲ್ಲಿ ವಿಕಿರಣದ ವಸ್ತು ಇರುತ್ತೆ, ಮೈಗೆ ಎಷ್ಟು ತಾಗಿತು ಅನ್ನೋದು ಬ್ಯಾಡ್ಜಿನಲ್ಲಿ ದಾಖಲಾಗುತ್ತೆ ಅಂತ ನೀವೇ ಹೇಳಿದ್ರಿ. ಬ್ಯಾಡ್ಜಿಗೆ ತಾಗದಿದ್ದರೆ ನಿಮಗೂ ತಾಗೋದಿಲ್ಲ — ಹಾಗಂದುಕೊಂಡೆ. ಧೂಳು ಕೂರದಿರಲೆಂದು ನಾನೇ ಹೊಲಿದುಕೊಟ್ಟ ಚೀಲದಿಂದ ಅದನ್ನು ತೆಗೆದು ಗೋಪಾಲಸ್ವಾಮಿ ಪಟದ ಮುಂದೆ ಹೂವಿನಡಿ ಬಚ್ಚಿಟ್ಟೆ. ಬದಲಿಗೆ ಚೀಲದೊಳಗೆ ಒಂದು ರಟ್ಟು, ಗೋಪಾಲಸ್ವಾಮಿ ಬೆಟ್ಟದಿಂದ ತಂದ ತುಳಸಿ ಇಟ್ಟೆ. ದಿನಾ ನೀವು ಆ ಚೀಲವನ್ನೇ ಎದೆಗೆ ಪಿನ್ ಮಾಡಿಕೊಂಡು ಹೋದಿರಿ. ಪರೀಕ್ಷೆಗೆ ಕಳಿಸುವ ದಿನ ಬ್ಯಾಡ್ಜನ್ನು ಮತ್ತೆ ಒಳಗೆ ಹಾಕಿದೆ.

ಜೊತೆಯವರ ಬ್ಯಾಡ್ಜುಗಳಲ್ಲಿ ವಿಕಿರಣದ ಒಂದಿಷ್ಟು ಗುರುತು. ನಿಮ್ಮದು ಖಾಲಿ. ಬೋರಿನ ಹತ್ತಿರಕ್ಕೇ ಹೋಗಿಲ್ಲ, ವ್ಯಾನಿನಲ್ಲಿ ಕೂತು ಗ್ರಾಫ್ ಹುಟ್ಟಿಸಿದ್ದಾನೆ ಅಂದರು ಆಫೀಸಿನವರು. ಬಂಡೆ ಒಡೆದಿದೆ, ಜನ ಇಳಿಸಬೇಡಿ ಅಂತ ನೀವು ಹೇಳಿದ್ದನ್ನು ನಂಬಲಿಲ್ಲ.

ಅವತ್ತು ಬಂದು ಕೇಳಿದಿರಿ: "ಬ್ಯಾಡ್ಜೇನಾರ ಮುಟ್ಟಿದ್ಯಾ ಕಣಮ್ಮಿ?"

"ನಾನ್ಯಾಕ್ರೀ ಮುಟ್ಲಿ?"

ದೇವರ ಗೂಡಿನ ಕಡೆ ನೋಡಿದಿರಿ. "ಬುಡು. ನಾನೇ ಮರ್ತಿರ್ಬೇಕು."

ಆಫೀಸಿನಲ್ಲೂ ಹಾಗೇ ಹೇಳಿ ಬಂದಿರಿ. ದಿನಾ ನಿಮ್ಮ ಕೈಯಾರೆ ಪಿನ್ ಮಾಡಿಕೊಂಡವರು — ನಿಮಗೆ ಗೊತ್ತಾಗಿತ್ತೇನೋ. ಕೇಳೋ ಧೈರ್ಯ ನನಗೆ...

ಸದ್ಯ, ಯಾರನ್ನೂ ಕೆಳಗಿಳಿಸುವ ಮುಂಚೆ ಬೇರೆಯವರು ಬಂದು ಅದೇ ಬೋರಿಗೆ ಕೊಳವೆ ಬಿಟ್ಟರು. ನಿಮ್ಮ ಗ್ರಾಫಿನ ಗೆರೆಯೇ ಬಂತು, ಬಂಡೆ ಒಡೆದದ್ದು ನಿಜ. ಸ್ವಾಮಿ ದೊಡ್ಡವನು. ಆದರೆ ನಿಮ್ಮನ್ನು ಸುಳ್ಳುಗಾರ ಅಂದ ಮಾತನ್ನು ಯಾರೂ ವಾಪಸ್ ತಗೊಳ್ಳಲಿಲ್ಲ.

ಈಗ ನಮ್ಮೂರು ಹಂಗಳದಲ್ಲಿ ನೆಮ್ಮದಿಯಾಗಿದ್ದೀವಿ. ಮಂಡಿನೋವು ಬಿಟ್ಟರೆ ನಿಮ್ಮ ಮೈ ಗಟ್ಟಿ, ಹಿತ್ತಲ ತುಂಬ ಚೆಂಡುಹೂ, ಬಾಗಿಲು ತೆಗೆದರೆ ಬೆಟ್ಟ. ಇಷ್ಟು ಸಾಕು ನನಗೆ. ಕನ್ನಡಕ ಹುಡುಕುವಾಗಲೆಲ್ಲ ನೀವು ನಗ್ತೀರಿ: "ಬ್ಯಾಡ್ಜೇ ಮರ್ತವ್ನು ಕಣಮ್ಮಿ, ಕನ್ನಡಕ ಯಾವ ಲೆಕ್ಕ!" ನಾನೂ ನಗ್ತೀನಿ. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತೀನಿ.

ಬೆಟ್ಟಕ್ಕೆ ಹೋದಾಗಲೆಲ್ಲ ಸ್ವಾಮಿಯ ಮುಂದೆ ತಪ್ಪಾಯ್ತು ಅಂದಿದ್ದೀನಿ. ನಾನು ಸುಳ್ಳು ಹೇಳಿದ್ದು ಸ್ವಾಮಿಗಲ್ಲ. ಅದಕ್ಕೇ ಈ ಕಾಗದವನ್ನು ಪಟದ ಮುಂದೆ ಇಡೋದಿಲ್ಲ. ನಿಮ್ಮ ಕನ್ನಡಕದ ಕೆಳಗೆ ಇಡ್ತೀನಿ.