ಹಾವು ಬಿಡಿ, ಗಾಡಿ ತೆಗೀರಿ

ಗಿರಣಿಯಕ್ಕನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಬರುವುದಿಲ್ಲ ಎಂದರೆ ಬರುವುದೇ ಇಲ್ಲ. ಪಕ್ಕದಲ್ಲಿ ನಿಂತವರನ್ನು "ಗೋಧಿ ನುಣ್ಣಗಾ, ತರಿನಾ?" ಎಂದು ಕೇಳಿದರೆ ಆಚೆ ಬೀದಿಯವರು "ತರಿ" ಎಂದು ಉತ್ತರ ಕೊಡಬೇಕು, ಅಂಥ ಗಂಟಲು. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಬದುಕಿದವಳು, ಹಾಗಾಗಿದೆ ಎಂದು ಜನ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಮಾತು ಅವಳಿಗೇ ಕೇಳಿಸುತ್ತಿರಲಿಲ್ಲ ಎಂದರೆ ಈಗ ಯಾರು ನಂಬುತ್ತಾರೆ? ಒಂದೇ ಒಂದು ಮಧ್ಯಾಹ್ನ ಅವಳ ಕೂಗು ಯಾರಿಗೂ ಕೇಳಿಸದೆ ಹೋಯಿತು. ಗಂಟಲು ಬೆಳೆದದ್ದು ಆಮೇಲೆ.

ಗಿರಣಿ ಎಂದರೆ ದೊಡ್ಡದೇನಲ್ಲ. ಕೆಳಗೆ ಒಂದು ಷಟರಿನ ಕೋಣೆ, ಮೇಲೆ ಅವಳು ಇರುವ ಮನೆ. ಕಾಳು ಸುರಿಯಲು ತಗಡಿನ ಬಾಯಿ, ಹಿಟ್ಟು ಇಳಿಯಲು ಉದ್ದನೆಯ ಬಟ್ಟೆಯ ತೋಳು, ಗೋಡೆಗೆ ಒತ್ತಿ ಜೋಡಿಸಿದ ಮೂಟೆಗಳು. ಎಲ್ಲದರ ಮೇಲೂ ಹಿಟ್ಟಿನ ಪುಡಿ, ಅಕ್ಕನ ಹುಬ್ಬಿನ ಮೇಲೂ. ಕಾಳಿದ್ದ ಕಡೆ ಇಲಿ, ಇಲಿ ಇದ್ದ ಕಡೆ ಹಾವು. ಇದಕ್ಕೆ ಯಾರೂ ಶಾಲೆಗೆ ಹೋಗಬೇಕಾಗಿಲ್ಲ.

ಆ ಮಧ್ಯಾಹ್ನ ಮೂಟೆಗಳ ಹಿಂದೆ ಬಿದ್ದ ಸೇರನ್ನು ಎತ್ತಲು ಅವಳ ಗಂಡ ಕೈ ಹಾಕಿದ. ಮುಳ್ಳು ಚುಚ್ಚಿದಂತಾಯಿತು ಎಂದು ಕೈ ಹೊರಗೆ ತೆಗೆದ. ಮುಳ್ಳಿನ ಬದಲು ಎರಡು ತೂತು ಇದ್ದವು. ಹೊರಗೆ ಬಂದು ಕಟ್ಟೆಯ ಮೇಲೆ ಕೂತುಕೊಂಡ. ಸುದ್ದಿ ಬೀದಿಯ ತುಂಬ ಹರಡಿತು. ದರ್ಜಿ ಬಂದ, ಟೀ ಅಂಗಡಿಯವನು ಬಂದ, ಗಂಡಸರೆಲ್ಲ ಬಂದರು. ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಎಲ್ಲಿ? ಹಾವು ಎಲ್ಲಿ?"

ಕಚ್ಚಿಸಿಕೊಂಡವನು ಕಣ್ಣೆದುರೇ ಕೂತಿದ್ದ, ಪಾಪ. ಅವನನ್ನು ಹುಡುಕಬೇಕಾಗಿರಲಿಲ್ಲವಲ್ಲ, ಅದಕ್ಕೇ ಯಾರೂ ನೋಡಲಿಲ್ಲ.

ಎಲ್ಲರಿಗಿಂತ ಮುಂದೆ ಇದ್ದವನು ಅವಳ ಮೈದುನ. ಅಣ್ಣನೆಂದರೆ ಪ್ರಾಣ ಅವನಿಗೆ. ಬೀದಿಗೆಲ್ಲ ಇದ್ದ ಒಂದೇ ಟೆಂಪೋ ಅವನದು. ಓಡಿಸಲು ಬರುವವರು ಆ ಗುಂಪಿನಲ್ಲಿ ಇನ್ನೂ ಇಬ್ಬರಿದ್ದರು, ಕೀ ಮಾತ್ರ ಮೈದುನನ ಜೇಬಿನಲ್ಲಿ. ಅವನು ಒಂದು ಗಟ್ಟಿ ಕೋಲು ಹಿಡಿದು ಗಿರಣಿಗೆ ನುಗ್ಗಿದ. ಮೂಟೆಗಳನ್ನು ಎಳೆದರು, ಟಾರ್ಚು ಬಿಟ್ಟರು, "ಅಲ್ಲಿ! ಇಲ್ಲಿ! ಬಾಲ ಕಂಡ್ತು!" ಎಂದು ಕಿರುಚಿದರು. ಯಂತ್ರವನ್ನು ನಿಲ್ಲಿಸುವ ಯೋಚನೆ ಕೂಡ ಯಾರಿಗೂ ಬರಲಿಲ್ಲ. ಆ ಸದ್ದಿನ ನಡುವೆ ಅವಳು ಮೈದುನನ ಅಂಗಿ ಹಿಡಿದು ಎಳೆದಳು. "ಗಾಡಿ ತೆಗಿ, ಆಸ್ಪತ್ರೆಗೆ ಹೋಗೋಣ."

"ಬಂದೆ ಅತ್ತಿಗೆ. ಒಂದೇ ನಿಮಿಷ. ಇಲ್ಲೇ ಇದೆ ಅದು."

ಮತ್ತೆ ಹೋಗಿ ಕೂಗಿದಳು. ಮತ್ತೆ ಒಂದೇ ನಿಮಿಷ. ಅಂಥ ಎಷ್ಟು ನಿಮಿಷಗಳು ಕಳೆದವೋ, ಕೊನೆಗೊಮ್ಮೆ ಹೋ ಎಂದು ಕೂಗು ಎದ್ದಿತು. ಜಜ್ಜಿದ ಹಾವನ್ನು ಕೋಲಿನ ತುದಿಗೆ ಹಾಕಿಕೊಂಡು ಮೈದುನ ಹೊರಗೆ ಬಂದ. ಅಣ್ಣನ ಮುಖದ ಹತ್ತಿರ ಹಿಡಿದು ತೋರಿಸಿದ: "ನೋಡಣ್ಣ, ಬಿಟ್ಟಿಲ್ಲ ನಾನು!" ಅಣ್ಣನ ಒಸಡಿನಿಂದ ರಕ್ತ ಇಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಇಷ್ಟು ಹೊತ್ತು ಏನು ಮಾಡ್ತಿದ್ರಿ?"

"ಹಾವು ಹೊಡೀತಿದ್ವಿ ಸಾರ್," ಎಂದ ಮೈದುನ. ಸತ್ತ ಹಾವನ್ನು ಗೋಣಿಚೀಲದಲ್ಲಿ ಹಾಕಿ ಅಲ್ಲಿಗೂ ತಂದಿದ್ದ. ಡಾಕ್ಟರು ಆ ಚೀಲವನ್ನು ನೋಡಿದರು, ಅವನನ್ನು ನೋಡಿದರು. ಅಲ್ಲಿಗೆ ಅವಳ ಸಂಸಾರ ಮುಗಿಯಿತು.

ಬೈದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಯಾರನ್ನು ಬೈಯುವುದು? ಮೈದುನ ಎದೆ ಎದೆ ಬಡಿದುಕೊಂಡು ಮಗುವಿನ ಹಾಗೆ ಅತ್ತ. ಗಿರಣಿಯನ್ನು ಮತ್ತೆ ಶುರು ಮಾಡಿಸಿದವನು ಅವನೇ, ಅವಳ ಮೂಟೆಗಳನ್ನು ಇಂದಿಗೂ ಬಾಡಿಗೆಯಿಲ್ಲದೆ ಸಾಗಿಸುವವನು ಅವನೇ. ತನ್ನ ಮಗಳನ್ನು "ದೊಡ್ಡಮ್ಮನಿಗೆ ಜೊತೆಯಾಗ್ಲಿ" ಎಂದು ಕೆಲಸಕ್ಕೆ ಕಳಿಸಿದವನೂ ಅವನೇ. ಅಂಥವನಿಗೆ "ನಿನ್ನ ಅಣ್ಣ ಸತ್ತಿದ್ದು ನಿನ್ನಿಂದ" ಎಂದು ಯಾವ ಬಾಯಲ್ಲಿ ಹೇಳುವುದು? ಮಾತು ಗಂಟಲಲ್ಲಿ ನಿಂತಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಸುಮ್ಮನಿದ್ದರೂ ಸಹಿಸಿಕೊಳ್ಳಬಹುದಿತ್ತು. ಆ ಮಹಾರಾಯ ಟೀ ಅಂಗಡಿಯಲ್ಲಿ ಕೂತು ಕಥೆ ಹೇಳುತ್ತಿದ್ದ. "ನಮ್ಮಣ್ಣನ್ನ ಕಚ್ಚಿದ ಹಾವನ್ನ ಈ ಕೈಯಲ್ಲೇ ಹೊಡೆದೆ." ಬೀದಿಗೆ ಹೊಸಬರು ಬಂದರೆ ಸಾಕು, ಟೀ ಅಂಗಡಿಯವನೇ "ಅಣ್ಣ, ಆ ಹಾವಿನ ಕಥೆ ಹೇಳು" ಎಂದು ಕೀಲಿ ಕೊಡುತ್ತಿದ್ದ. ಒಂದೊಂದು ಸಲ ಹೇಳಿದಾಗಲೂ ಹಾವು ಒಂದೊಂದು ಗೇಣು ಉದ್ದವಾಗುತ್ತಿತ್ತು. ಎದುರು ಗಿರಣಿಯಲ್ಲಿ ಅಕ್ಕ ಹಲ್ಲು ಕಚ್ಚಿಕೊಂಡು ಹಿಟ್ಟು ತೂಗುತ್ತಿದ್ದಳು.

ಆ ಕೋಲನ್ನು ಅವನು ಅವಳಿಗೇ ತಂದುಕೊಟ್ಟಿದ್ದ. "ಅಣ್ಣನ ನೆನಪಿಗೆ ಇರಲಿ ಅತ್ತಿಗೆ." ಷಟರಿನ ಒಳಗೆ ಬಾಗಿಲ ಪಕ್ಕದಲ್ಲಿ ಮೊಳೆ ಹೊಡೆದು ತಾನೇ ತೂಗುಹಾಕಿದ್ದ. ಅವಳು ಮಾರನೆಯ ದಿನದಿಂದಲೇ ಅದನ್ನು ಕೆಲಸಕ್ಕೆ ಹಚ್ಚಿದಳು: ಬಟ್ಟೆಯ ತೋಳಿನಲ್ಲಿ ಹಿಟ್ಟು ಸಿಕ್ಕಿಕೊಂಡಾಗ ಬಡಿದು ಬೀಳಿಸಲು. ದಿನಕ್ಕೆ ನೂರು ಸಲ ಬಡಿಯುತ್ತಿದ್ದಳು. ಹಿಟ್ಟಿಗೆ ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಬಡಿಯುತ್ತಿದ್ದಳು.

ಆಮೇಲೆ ಗಿರಣಿಯಲ್ಲಿ ಹಾವು ಕಂಡರೆ ಅವಳು ಹೊಡೆಯಲು ಬಿಡುತ್ತಿರಲಿಲ್ಲ. ಯಂತ್ರ ನಿಲ್ಲಿಸುವಳು, ಹಿಂದಿನ ಬಾಗಿಲು ತೆರೆಯುವಳು, ದೂರ ನಿಂತು ನೆಲ ಕುಟ್ಟುವಳು. ಅದು ಹೋಗುವವರೆಗೆ ಗಿರಾಕಿಗಳು ಬೀದಿಯಲ್ಲಿ ಕಾಯಬೇಕು. ಬೀದಿಗೆ ಇದು ಸೈರಣೆಯಾಗಲಿಲ್ಲ.

"ಹಾವಿಗೆ ಹಾಲೆರೀತಾಳೆ," ಎಂದ ದರ್ಜಿ.

"ಟೀಗೇ ಹಾಲು ಸಾಲಲ್ಲ, ಹಾವಿಗೆ ಎಲ್ಲಿಂದ ಎರೀಲಿ?" ಎಂದು ಅಕ್ಕ ಇಲ್ಲಿಂದಲೇ ಕೂಗಿದಳು.

"ಗಂಡನ್ನ ತಿಂದಿದ್ದು ಅಕ್ಕ ಅದು! ಒಂಚೂರೂ ಸಿಟ್ಟಿಲ್ವಾ ನಿಂಗೆ? ಹಾವಿನ ದ್ವೇಷ ಹನ್ನೆರಡು ವರುಷ, ಗೊತ್ತಾ?"

"ನಂದು ಅದಕ್ಕಿಂತ ಉದ್ದ. ಮೊದಲು ನಂಗೆ ಹೆದರ್ಕೊಳ್ಳಿ."

ಜನ ನಕ್ಕರು. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು.

ಹೀಗಿರುತ್ತ ಒಂದು ದಿನ, ಊಟದ ಹೊತ್ತು ಕಳೆದ ಮೇಲೆ, ಮೈದುನನ ಮಗಳು ಪುಟ್ಟಿ ಜರಡಿ ತೆಗೆಯಲು ಮೂಟೆಗಳ ಸಂದಿಗೆ ಕೈ ಹಾಕಿದಳು. ಪುಟ್ಟಿ ಎಂದರೆ ಸಣ್ಣವಳಲ್ಲ, ಮದುವೆಯ ವಯಸ್ಸು ದಾಟುತ್ತಿದೆ ಎಂದು ಅವಳ ಅಪ್ಪ ತಲೆ ಚಚ್ಚಿಕೊಳ್ಳುವಷ್ಟು ದೊಡ್ಡವಳು. "ದೊಡ್ಡಮ್ಮಾ!" ಎಂದಳು. ಅಷ್ಟೇ. ಆ ಒಂದು ಕೂಗಿನಲ್ಲಿ ಅಕ್ಕನಿಗೆ ಎಲ್ಲ ತಿಳಿಯಿತು. ಮೊದಲು ಯಂತ್ರ ನಿಲ್ಲಿಸಿದಳು. ಆಮೇಲೆ ಹುಡುಗಿಯನ್ನು ಹೊರಗೆ ತಂದು ಅದೇ ಕಟ್ಟೆಯ ಮೇಲೆ ಕೂರಿಸಿದಳು. ಹೆಬ್ಬೆರಳ ಬುಡದಲ್ಲಿ ಎರಡು ತೂತು, ಸುತ್ತ ಊತ ಆಗಲೇ ಏರುತ್ತಿತ್ತು.

"ಅಳ್ಬೇಡ. ಕೈ ಆಡಿಸ್ಬೇಡ. ಬಳೆ ತೆಗಿ. ನಾನಿದ್ದೀನಿ."

ಇದ್ದಾಳೆ, ಸರಿ. ಗಾಡಿ? ಟೆಂಪೋ ಬೀದಿಯ ತುದಿಯಲ್ಲಿ ತಿರುಗುತ್ತಿತ್ತು. ಯಾರೋ ಓಡಿಹೋಗಿ ಹೇಳಿದರು. ಮೈದುನ ಗಿರಣಿಯ ಮುಂದೆ ಗಾಡಿ ನಿಲ್ಲಿಸಿ, ಕೀ ಕಿತ್ತು ಜೇಬಿಗೆ ಹಾಕಿಕೊಂಡು ಹಾರಿ ಇಳಿದ. ಅಷ್ಟರಲ್ಲಿ ದರ್ಜಿ, ಟೀ ಅಂಗಡಿಯವನು, ಮಿಕ್ಕವರೆಲ್ಲ ಕೈಗೆ ಸಿಕ್ಕಿದ್ದು ಹಿಡಿದು ನೆರೆದಿದ್ದರು. ಮಗಳ ಮುಖವನ್ನು ಒಮ್ಮೆ ನೋಡಿದ. ಅವನ ಕಣ್ಣು ಕೆಂಪಾಯಿತು.

"ಎಲ್ಲಿ ಅದು?"

ಅದೇ ಮಾತು. ಅದೇ ದನಿ. ಮೊಳೆಯಿಂದ ಅದೇ ಕೋಲನ್ನು ಸೆಳೆದುಕೊಂಡು ಅವನು ಒಳಗೆ ನುಗ್ಗಿದ. ಅಕ್ಕ ಅವನ ಅಂಗಿಯ ಕಾಲರಿಗೆ ಕೈ ಹಾಕಿದಳು. ಹಿಂದಿನ ಸಲ ಎಳೆದಂತೆ ಎಳೆಯಲಿಲ್ಲ. ದಿನವೂ ಮೂಟೆ ಎತ್ತಿದ ಕೈ ಅದು. ಅವನನ್ನು ಬೀದಿಗೆ ಎಳೆದು ಹಾಕಿ, ದಡಾರನೆ ಷಟರ್ ಕೆಳಗೆಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ತೆಗಿ ಅತ್ತಿಗೆ! ನನ್ನ ಮಗಳನ್ನ ಕಚ್ಚಿದೆ ಅದು!"

"ಹಾವು ಒಳಗಿದೆ. ಮಗಳು ಹೊರಗಿದ್ದಾಳೆ. ನಿಂಗೆ ಯಾವುದು ಬೇಕು?"

"ಒಂದೇ ನಿಮಿಷ ಅತ್ತಿ..."

"ಬಾಯಿ ಮುಚ್ಚು!"

ಅಬ್ಬಾ, ಆ ಕೂಗು! ಟೀ ಅಂಗಡಿಯ ಒಲೆಯ ಮುಂದಿದ್ದವರೂ ತಿರುಗಿ ನೋಡಿದರು. "ಆ ಒಂದು ನಿಮಿಷ ಅವತ್ತೂ ಕೇಳಿದ್ದೆ ನೀನು. ನಾನು ಕೊಟ್ಟೆ. ನೀವೆಲ್ಲ ಒಳಗೆ ಹಾವು ಹೊಡೀತಿದ್ರಿ, ನನ್ನ ಗಂಡ ಇದೇ ಕಟ್ಟೆ ಮೇಲೆ ಸಾಯ್ತಿದ್ದ. ಗಾಡಿ ಇಲ್ಲೇ ನಿಂತಿತ್ತು. ಕೀ ನಿನ್ನ ಜೇಬಲ್ಲಿತ್ತು. ನನ್ನ ಗಂಡನ್ನ ಕೊಂದಿದ್ದು ಬರೀ ಹಾವಲ್ಲ ಕಣೋ. ಇಷ್ಟು ವರ್ಷ ಹೇಳ್ಲಿಲ್ಲ, ಇವತ್ತು ಹೇಳಿದ್ದೀನಿ. ಈಗ ಹೊಡೀತೀಯಾ ಹಾವನ್ನ? ಹೊಡಿ. ನನ್ನ ದಾಟ್ಕೊಂಡು ಹೋಗಿ ಹೊಡಿ. ಇಲ್ಲಾಂದ್ರೆ ಹಾವು ಬಿಡಿ, ಗಾಡಿ ತೆಗೀರಿ!"

ಮೈದುನ ತನ್ನ ಜೇಬನ್ನು ಮುಟ್ಟಿ ನೋಡಿಕೊಂಡ, ಅಲ್ಲಿ ಏನಿದೆ ಎಂದು ಆಗಷ್ಟೇ ಗೊತ್ತಾದವನ ಹಾಗೆ. ಮುಖ ಸುಣ್ಣವಾಯಿತು. ಕೋಲು ಕೈಯಿಂದ ಜಾರಿ ಬಿತ್ತು. ಮರುಕ್ಷಣ ಗಾಡಿಯಲ್ಲಿದ್ದ.

ದಾರಿಯುದ್ದಕ್ಕೂ ಅಕ್ಕ ಹುಡುಗಿಯ ಕೈಯನ್ನು ತೊಡೆಯ ಮೇಲೆ ಅಲ್ಲಾಡದಂತೆ ಹಿಡಿದು ಕೂತಿದ್ದಳು. ಇವಳೂ ಹೋದರೆ? ಹೋದರೆ ಆ ಟೀ ಅಂಗಡಿಗೆ ಬೆಂಕಿ ಇಡುತ್ತೇನೆ ಎಂದುಕೊಂಡಳು. ಟೀ ಅಂಗಡಿ ಏನು ಮಾಡಿತ್ತು ಎಂದು ಯಾರೂ ಕೇಳಬೇಡಿ, ಆ ಹೊತ್ತಿಗೆ ಹಾಗೆ ಅನ್ನಿಸಿತು.

ಈ ಸಲ ಡಾಕ್ಟರು ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಕೇಳಲಿಲ್ಲ. ಗಾಯ ನೋಡಿದರು, ರಕ್ತ ತೆಗೆದರು, ಔಷಧಿ ಏರಿಸಿದರು. ಸಂಜೆಗೆ ಹೊರಗೆ ಬಂದು, "ಬೇಗ ಕರ್ಕೊಂಡು ಬಂದಿದ್ದೀರಿ. ಉಳೀತಾಳೆ," ಎಂದರು.

'ಬೇಗ' ಎಂಬ ಮಾತು ಕೇಳಿದ್ದೇ ಮೈದುನ ಆಸ್ಪತ್ರೆಯ ನೆಲದ ಮೇಲೆ ಕುಸಿದು ಕೂತ. ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. "ಅಣ್ಣನ್ನೂ ಹೀಗೇ ಬೇಗ..." ಎಂದ. ಅಕ್ಕ ಅವನನ್ನು ಸಮಾಧಾನ ಮಾಡಲಿಲ್ಲ. ಇನ್ನೂ ಸಿಟ್ಟಿತ್ತು ಅವಳಿಗೆ, ಸುಳ್ಳು ಯಾಕೆ ಹೇಳಬೇಕು. ಆದರೆ ಎದ್ದು ಬೇರೆ ಕಡೆಗೂ ಹೋಗಲಿಲ್ಲ. ಅವನ ಪಕ್ಕದ ಬೆಂಚಿನ ಮೇಲೆ ಕೂತು ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡಳು.

ಬೆಳಿಗ್ಗೆ ಪುಟ್ಟಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಅಕ್ಕ, ಮೈದುನ ಇಬ್ಬರೂ ವಾಪಸು ಬಂದರೆ, ಗಿರಣಿಯ ಮುಂದೆ ಬೀದಿಯೇ ಕೋಲು ಹಿಡಿದು ಕಾವಲು ನಿಂತಿತ್ತು. ಹಾವು ಒಳಗೇ ಇದೆ, ಷಟರ್ ತೆಗೆದರೆ ಮುಗಿಸಿಬಿಡುತ್ತೇವೆ ಎಂದರು. ಹಾವು ಹಿಡಿಯುವವನಿಗೆ ಹೇಳಿ ಕಳಿಸಿದ್ದೇನೆ, ಅವನು ಬರುವವರೆಗೆ ಯಾರೂ ಮುಟ್ಟಕೂಡದು ಎಂದಳು ಅಕ್ಕ.

"ಅಲ್ಲಕ್ಕ, ಹಾವೂ ಸಾಯಬಾರದು ಕೋಲೂ ಮುರೀಬಾರದು ಅಂದ್ರೆ ಹೇಗೆ?" ಎಂದ ಟೀ ಅಂಗಡಿಯವನು.

ದರ್ಜಿ ನೆಲದಲ್ಲಿ ಬಿದ್ದಿದ್ದ ಕೋಲನ್ನು ಎತ್ತಿ ಒರೆಸಿ ಮೈದುನನ ಕೈಗೆ ಕೊಟ್ಟ. "ತಗೋ ಅಣ್ಣ. ಅವಳಿಗೆ ತಲೆ ಕೆಟ್ಟಿದೆ. ನೀನು ಹೇಳು."

ಎಲ್ಲರೂ ಮೈದುನನನ್ನು ನೋಡಿದರು. ಅವನು ಕೋಲನ್ನು ತಿರುಗಿಸಿ ನೋಡಿದ. ಹಿಟ್ಟು ಬಡಿದೂ ಬಡಿದೂ ಅದರ ತುದಿ ಬೆಳ್ಳಗಾಗಿತ್ತು. ಒಂದು ತುದಿಯನ್ನು ಕಟ್ಟೆಯ ಮೇಲಿಟ್ಟು ನಡುವೆ ಕಾಲಿನಿಂದ ಒದ್ದ. ಒಂದೇ ಏಟಿಗೆ ಮುರಿಯಲಿಲ್ಲ. ಎರಡನೆಯದಕ್ಕೆ ಲಟಕ್ಕೆಂದಿತು.

"ಅತ್ತಿಗೆ ಹೇಳಿದ ಹಾಗೆ," ಎಂದ. ತುಂಡುಗಳನ್ನು ಟೀ ಅಂಗಡಿಯ ಒಲೆಗೆ ತಾನೇ ಹಾಕಿ ಬಂದ.

ಹಾವು ಹಿಡಿಯುವವನು ಬಂದ, ಕೊಕ್ಕೆಯಿಂದ ಎತ್ತಿ ಚೀಲಕ್ಕೆ ಹಾಕಿಕೊಂಡು ಹೋದ. ನೋಡಲು ನಿಂತವರಿಗೆ ನಿರಾಸೆಯಾಯಿತು. ಮೊಳದುದ್ದದ ಹಾವು, ಇಷ್ಟಕ್ಕೆ ಇಷ್ಟೆಲ್ಲ ರಾದ್ಧಾಂತವೇ ಎಂದರು. ಹಾವಿನ ಮೇಲೆ ಅಕ್ಕನಿಗೆ ಪ್ರೀತಿ ಗೀತಿ ಏನೂ ಇಲ್ಲ. ಚೀಲ ಕಣ್ಮರೆಯಾಗುವವರೆಗೆ ಅವಳೂ ಕಟ್ಟೆ ಹತ್ತಿ ನಿಂತಿದ್ದಳು. ಇಳಿದವಳು ಗಂಡಸರ ಕೈಯಿಂದ ಕೋಲುಗಳನ್ನು ಕೆಳಗಿಡಿಸಿ ಬುಟ್ಟಿ ಕೊಟ್ಟಳು. ಗಿರಣಿಯ ಹಿಂದಿನ ಕಸದ ರಾಶಿಯನ್ನು ಅವತ್ತೇ ಎತ್ತಿಸಿದಳು. "ಹೊಡೆಯೋಕೆ ಬಂದ ಕೈ ತಾನೇ, ಎತ್ತೋಕೂ ಬರತ್ತೆ." ದರ್ಜಿ ಬೈದುಕೊಂಡೇ ಎತ್ತಿದ.

ಪುಟ್ಟಿ ಕೈಗೆ ಪಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಮರಳಿದ್ದಾಳೆ. ಟೀ ಅಂಗಡಿಯಲ್ಲಿ ಆ ಕಥೆ ನಿಂತುಹೋಗಿದೆ. ಯಾರಾದರೂ ಕೆದಕಿದರೆ ಮೈದುನ ಲೋಟ ಇಟ್ಟು ಎದ್ದು ಹೋಗುತ್ತಾನೆ. ತೋಳಿನಲ್ಲಿ ಹಿಟ್ಟು ಸಿಕ್ಕಿಕೊಂಡರೆ ಅಕ್ಕ ಈಗ ಬರಿಗೈಯಿಂದ ತಟ್ಟುತ್ತಾಳೆ. ಬಾಗಿಲ ಪಕ್ಕದ ಮೊಳೆ ಮಾತ್ರ ಖಾಲಿಯಿಲ್ಲ. ಟೆಂಪೋ ಬೀದಿಯಲ್ಲಿ ನಿಂತಿರುವಾಗಲೆಲ್ಲ ಅದರ ಕೀ ಆ ಮೊಳೆಯಲ್ಲೇ ಇರುತ್ತದೆ. ಹಾಗೆ ಮಾಡು ಎಂದು ಮೈದುನನಿಗೆ ಯಾರೂ ಹೇಳಲಿಲ್ಲ.

ಮೊನ್ನೆ ಯಾರೋ ಹೊಸಬ ಏದುಸಿರು ಬಿಡುತ್ತ ಬಂದ. "ಅಕ್ಕಾ, ನಮ್ಮ ಬಚ್ಚಲಲ್ಲಿ ಹಾವು! ಒಂದು ಕೋಲು ಕೊಡಿ, ಬೇಗ!"

ಗಿರಣಿ ಓಡುತ್ತಿತ್ತು. ಆ ಸದ್ದನ್ನೂ ಮೀರಿ ಅಕ್ಕ ಕೇಳಿದಳು: "ಯಾರನ್ನಾದ್ರೂ ಕಚ್ಚಿತಾ?"

"ಇಲ್ಲ."

"ಹಾಗಾದ್ರೆ ಬಾಗಿಲು ತೆಗೆದು ದಾರಿ ಬಿಡು. ಕೋಲು ಇಲ್ಲ ಈ ಅಂಗಡೀಲಿ. ಕಚ್ಚಿದ್ರೆ ಬಾ, ಕೀ ಇದೆ."