ಮೊಳೆ ಇಲ್ಲದ ಚಪ್ಪಲಿ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಒಂದೇ ಒಂದು ಬಾಗಿಲು ತೆರೆದಿದೆ. ಒಳಗೆ ತರಕಾರಿ ಅಂಗಡಿಯ ಅಜ್ಜಿಯೊಬ್ಬರು ಗೋಡೆ ಹಿಡಿದುಕೊಂಡು ನೆಲದ ಮೇಲಿನ ರಬ್ಬರ್ ಹಾಳೆಯ ಮೇಲೆ ಬಲಗಾಲು ಊರಿ ನಿಂತಿದ್ದಾರೆ. ಹಾಳೆಯ ಅಡಿಗೆ ಮಸಿ, ಮಸಿಯ ಅಡಿಗೆ ಬಿಳಿ ಕಾಗದ. ಎದುರಿಗೆ ನೆಲದ ಮೇಲೆ ಕುಳಿತ ಅರವತ್ತರ ಆಸುಪಾಸಿನ ಮನುಷ್ಯ ಅಜ್ಜಿಯ ಹಿಮ್ಮಡಿಯನ್ನೇ ನೋಡುತ್ತಿದ್ದಾರೆ.

"ಭಾರ ಪೂರ್ತಿ ಬಿಡಿ ಅಜ್ಜಿ. ನಾನೇನು ತೂಕ ಕೇಳ್ತಿಲ್ಲ."

"ಕೇಳಿದ್ರೂ ಹೇಳಲ್ಲ ಬಿಡಪ್ಪ" ಎನ್ನುತ್ತಾರೆ ಅಜ್ಜಿ.

ಕಾಲು ಎತ್ತಿದ ಮೇಲೆ ಕಾಗದದಲ್ಲಿ ಒಂದು ಪಾದ ಮೂಡಿರುತ್ತದೆ. ಕೆಲವು ಕಡೆ ತಿಳಿ ಬೂದು, ಕೆಲವು ಕಡೆ ಅಚ್ಚ ಕಪ್ಪು. ಕಪ್ಪಾದಷ್ಟೂ ಅಲ್ಲಿ ಭಾರ ಹೆಚ್ಚು ಬೀಳುತ್ತಿದೆ ಎಂದರ್ಥ. ಹೆಬ್ಬೆರಳಿನ ಬುಡದಲ್ಲಿ ನಾಣ್ಯದಗಲದ ಕಪ್ಪನ್ನು ಬೆರಳಿಟ್ಟು ತೋರಿಸುತ್ತಾ ಅವರು ಹೇಳುತ್ತಾರೆ: "ಹೀಗೇ ಬಿಟ್ರೆ ಎರಡು ತಿಂಗಳಲ್ಲಿ ಇಲ್ಲಿ ಹುಣ್ಣಾಗುತ್ತೆ. ಅಜ್ಜಿಗೆ ಗೊತ್ತೂ ಆಗಲ್ಲ." ಪತ್ರಿಕೆಗೆ ಬರೆಯುತ್ತಾ ಊರೂರು ಸುತ್ತುವ ನಾನು ಕೈರೇಖೆ ನೋಡಿ ಭವಿಷ್ಯ ಹೇಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕಾಲು ನೋಡಿ ಹೇಳುವವರನ್ನು, ಅದೂ ಹೇಳಿದ್ದು ಆಗದಂತೆ ತಡೆಯಲು ಕೂರುವವರನ್ನು ಕಂಡದ್ದು ಇದೇ ಮೊದಲು.

ರೋಗಿಗಳು ಇವರನ್ನು ಅಳತೆಯಣ್ಣ ಎನ್ನುತ್ತಾರೆ. ಸಕ್ಕರೆ ಕಾಯಿಲೆ ಹಳೆಯದಾದಂತೆ ಕೆಲವರ ಪಾದದ ಸ್ಪರ್ಶವೇ ಸತ್ತುಹೋಗುತ್ತದೆ. ಚಪ್ಪಲಿಯೊಳಗೆ ಕಲ್ಲು ಸೇರಿದರೂ, ಬಿಸಿ ಟಾರಿನ ಮೇಲೆ ನಡೆದರೂ ತಿಳಿಯುವುದಿಲ್ಲ. ಸಣ್ಣ ಗಾಯ ಕೊಳೆತು ಕಾಲನ್ನೇ ತೆಗೆಯಬೇಕಾಗುತ್ತದೆ. ಅಂಥ ಪಾದಗಳಿಗೆ ಒಂದೊಂದಕ್ಕೂ ಅಳತೆ ತೆಗೆದು, ಮೆತ್ತನೆಯ ರಬ್ಬರನ್ನು ಕಪ್ಪು ಬಿದ್ದ ಜಾಗದಲ್ಲಿ ಕೆತ್ತಿ ತಗ್ಗಿಸಿ, ಅಂಟು ಮತ್ತು ಹೊಲಿಗೆಯಿಂದಲೇ ಚಪ್ಪಲಿ ಮಾಡುವುದು ಇವರ ಕೆಲಸ. ವಾರಕ್ಕೆ ಆರು ಜೊತೆ, ಹದಿನೆಂಟು ವರ್ಷ. ಐದು ಸಾವಿರ ಜೊತೆ ದಾಟಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಅವರು ಹಾಕಿಲ್ಲ. ಆ ಐದು ಸಾವಿರದಲ್ಲಿ ಒಂದು ಮೊಳೆಯೂ ಇಲ್ಲ.

ಕೋಣೆ ಹತ್ತಡಿಗೆ ಎಂಟಡಿ. ಒಂದು ಹೊಲಿಗೆ ಯಂತ್ರ, ಅಂಟಿನ ಡಬ್ಬಿಗಳು, ಕಿಟಕಿಯ ಸರಳಿಗೆ ನೇತುಹಾಕಿದ ಚಪ್ಪಲಿ ಪಟ್ಟಿಗಳು, ಮೂಲೆಯಲ್ಲಿ ದಾರ ಕಟ್ಟಿ ಪೇರಿಸಿದ ಪಾದದ ಕಾಗದಗಳು. ಬಾಗಿಲ ಒಳಮಗ್ಗುಲಿಗೆ ಮರದ ಪುಟ್ಟ ಶಿಲುಬೆ. ಅದನ್ನೂ ಅಂಟು ಹಾಕಿಯೇ ಕೂರಿಸಿದ್ದಾರೆ. ಮೊಳೆಯ ಮೇಲೆ ಇಷ್ಟೊಂದು ಹಗೆ ಏಕೆ ಎಂದು ಕೇಳಿದರೆ ಅವರು ನಗುವುದಿಲ್ಲ, ಕೈಯಲ್ಲಿದ್ದ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಬದಿಗಿಡುತ್ತಾರೆ.

"ಮೊದ್ಲು ನಂಗೆ ಮೊಳೇನೇ ದೇವ್ರು" ಎಂದು ಶುರುಮಾಡುತ್ತಾರೆ. ಬಸ್ ನಿಲ್ದಾಣದ ಎದುರು ಅವರದ್ದೊಂದು ಗೂಡಂಗಡಿ ಇತ್ತು. ಇವರು ಹೊಡೆದ ಮೊಳೆ ಜಪ್ಪಯ್ಯ ಅಂದರೂ ಕದಲದು ಎಂದು ಬೀದಿಯೆಲ್ಲ ಹೆಸರು. ಕ್ರೈಸ್ತ ಮನೆಯಲ್ಲಿ ಹುಟ್ಟಿದ್ದರೂ ಚರ್ಚಿಗೆ ಹೋಗುತ್ತಿದ್ದದ್ದು ಯಾರದಾದರೂ ಮದುವೆಗೆ, ಇಲ್ಲವೇ ಮಣ್ಣಿಗೆ. "ಬೆಳಿಗ್ಗೆ ಅಂಗಡಿ ತೆಗೀತಿದ್ದೆ, ಸಂಜೆ ಮುಚ್ತಿದ್ದೆ. ನಡುವೆ ಏನಕ್ಕೆ ಬದುಕಿದ್ದೀನಿ ಅಂತ ಕೇಳೋಕೆ ಪುರುಸೊತ್ತೂ ಇರ್ಲಿಲ್ಲ, ಕೇಳ್ಬೇಕು ಅಂತ ಅನ್ನಿಸಿದ್ದೂ ಇಲ್ಲ."

ಒಂದು ದಿನ ಶಾಲೆಯ ವಾಚ್‌ಮನ್ ಒಬ್ಬರು ಶೂ ತಂದರು. ಹಿಮ್ಮಡಿ ಸಡಿಲವಾಗಿತ್ತು. ಅಳತೆಯಣ್ಣ ಮೂರು ಮೊಳೆ ಹೊಡೆದು ಕೊಟ್ಟರು. ಅದರಲ್ಲೊಂದು ತುಸು ಉದ್ದವಿತ್ತು, ಒಳಕ್ಕೆ ಬಂದ ಮೊನೆಯನ್ನು ಮಡಚಿರಲಿಲ್ಲ. ಇಂಥ ತಪ್ಪು ಆ ಕಸುಬಿನಲ್ಲಿ ದಿನಾ ಆಗುತ್ತದಂತೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. "ಗಿರಾಕಿ ಕಾಲೇ ನಮ್ಗೆ ಪರೀಕ್ಷೆ. ಚುಚ್ಚಿದ್ರೆ ನಾಕು ಹೆಜ್ಜೆ ಹಾಕಿ ವಾಪಸ್ ಬರ್ತಾರೆ, ಬೈತಾರೆ, ನಾವು ಬಡಿದು ಕೊಡ್ತೀವಿ. ವಾಚ್‌ಮನ್ ವಾಪಸ್ ಬರ್ಲಿಲ್ಲ. ಸರಿಯಾಗಿದೆ ಅಂದ್ಕೊಂಡೆ."

ವಾಚ್‌ಮನ್‌ಗೆ ಸಕ್ಕರೆ ಕಾಯಿಲೆ. ನಾಲ್ಕು ದಿನ ಆ ಮೊಳೆಯ ಮೇಲೆಯೇ ನಡೆದಿದ್ದರು.

ತಿಂಗಳಾದ ಮೇಲೆ ಅವರ ಹೆಂಡತಿ ಅದೇ ಶೂ ಜೊತೆಯನ್ನು ಚೀಲದಲ್ಲಿ ತಂದರು. ಎಡಗಾಲಿನದ್ದಕ್ಕೆ ಹೊಲಿಗೆ ಬಿಟ್ಟಿದೆ, ಅದೊಂದನ್ನು ಹೊಲಿದುಕೊಡಿ ಎಂದರು. ಬಲಗಾಲಿನದ್ದು ಬೇಕಾಗಿಲ್ಲ, ನೀವೇ ಇಟ್ಟುಕೊಳ್ಳಿ, ಚರ್ಮ ಯಾವುದಕ್ಕಾದರೂ ಬಂದೀತು ಎಂದೂ ಹೇಳಿದರು. ಅವರು ಹೋದ ಮೇಲೆ ಅಳತೆಯಣ್ಣ ಬಲಗಾಲಿನ ಶೂ ಒಳಗೆ ಕೈ ಹಾಕಿದರು. ಮೊನೆ ಬೆರಳಿಗೆ ತಾಕಿತು.

"ಕಾಲಿಗೆ ಬುದ್ಧಿ ಹೇಳೋಣ ಅನ್ನಿಸ್ತು. ಯಾರಿಗೂ ಗೊತ್ತಿಲ್ವಲ್ಲ. ಮೂರು ದಿನ ಅಂಗಡಿ ತೆಗೀಲಿಲ್ಲ, ಅನ್ನ ಇಳೀಲಿಲ್ಲ. ನಾಲ್ಕನೇ ದಿನ ಹೋಗಿ ಅವ್ರ ಹಾಸಿಗೆ ಪಕ್ಕ ನಿಂತು ಹೇಳ್ಬಿಟ್ಟೆ. ಹೊಡೀತಾರೆ ಅಂದ್ಕೊಂಡಿದ್ದೆ. ಹೊಡೆದಿದ್ರೆ ಹಗುರ ಆಗ್ತಿತ್ತು."

ವಾಚ್‌ಮನ್ ಹೊಡೆಯಲಿಲ್ಲ. ಮೊಳೆ ವಿಷಯ ಡಾಕ್ಟರು ಪಾದ ತೆಗೆದ ದಿನವೇ ಹೇಳಿದ್ದರು, ಯಾರ ಮೊಳೆ ಎಂಬುದೂ ತನಗೆ ಗೊತ್ತಿತ್ತು ಎಂದರು. ಹೆಂಡತಿಗೆ ಹೇಳಿರಲಿಲ್ಲ. "ನಾನೂ ಕ್ಷಮೆ ಪಡ್ಕೊಂಡು ಬದುಕಿರೋನೇ ಕಣಪ್ಪ. ಕೂತ್ಕೊ, ಪ್ರಾರ್ಥನೆ ಮಾಡೋಣ" ಎಂದರು. ತನಗೆ ಪ್ರಾರ್ಥನೆ ಮಾಡಲು ಬರುವುದಿಲ್ಲ ಎಂದು ಇವರು ಒಪ್ಪಿಕೊಂಡಾಗ, ಇವರ ಎರಡೂ ಕೈಗಳನ್ನು ಹಿಡಿದು ತಾವೇ ಪ್ರಾರ್ಥಿಸಿದರು. ಯೇಸುವೇ, ಈ ಕೈಗಳಿಗೆ ಒಂದು ಕೆಲಸ ಕೊಡು, ಅಷ್ಟೇ. ತಾನು ಕಳೆದುಕೊಂಡ ಪಾದದ ಬಗ್ಗೆ ಆ ಮನುಷ್ಯ ಒಂದು ಮಾತೂ ಎತ್ತಲಿಲ್ಲ. ಇಷ್ಟು ಹೇಳಿ ಅಳತೆಯಣ್ಣ ಎದ್ದು ಅಂಟಿನ ಡಬ್ಬಿಯ ಮುಚ್ಚಳ ಸರಿಯಾಗಿದೆಯೇ ಎಂದು ನೋಡುತ್ತಾರೆ. ಅದು ಸರಿಯಾಗಿಯೇ ಇದೆ.

ದೇವರ ವಿಷಯದಲ್ಲಿ ನಾನು ಅರೆಮನಸ್ಸಿನ ಆಸಾಮಿ, ಹೇಳಿಬಿಡುತ್ತೇನೆ. ಪಾಪಪ್ರಜ್ಞೆ ಕಾಡಿದವರು ಸೇವೆಗಿಳಿಯುವ ಕತೆ ಹೊಸದೂ ಅಲ್ಲ. ಹಾಗಾಗಿ ಸ್ವಲ್ಪ ಕೆದಕಿದೆ. ಇದೆಲ್ಲ ಪ್ರಾಯಶ್ಚಿತ್ತವೇ? ಅವರು ಅಲ್ಲವೆಂದು ತಲೆಯಾಡಿಸುತ್ತಾರೆ.

"ಮೊದ್ಲು ಹಾಗೇ ಅಂದ್ಕೊಂಡಿದ್ದೆ. ವಾಚ್‌ಮನ್ ಅಣ್ಣನ ಶಿಫಾರಸ್ಸಿನಿಂದ್ಲೇ ಈ ಕೆಲ್ಸ ಸಿಕ್ಕಿದ್ದು. ಮೊದಲನೇ ಶೂ ಅವ್ರ ಉಳಿದ ಕಾಲಿಗೇ ಮಾಡಿದೆ. ಮೊಳೆ ಇಲ್ದೆ ಮಾಡೋಕೆ ಬರ್ತಿರ್ಲಿಲ್ಲ, ಹನ್ನೊಂದು ಸಲ ಕಿತ್ತುಹೋಯ್ತು. ನಾಲ್ಕು ವರ್ಷ ದೆವ್ವದ ಹಾಗೆ ದುಡಿದೆ. ಆಮೇಲೆ ಒಂದಿನ ಕೈಯೇ ಓಡ್ಲಿಲ್ಲ, ಎಷ್ಟು ಮಾಡಿದ್ರೂ ಸಾಲ್ತಿಲ್ಲ ಅನ್ನಿಸ್ತು. ಅಣ್ಣನ ಹತ್ರ ಹೋಗಿ ಹೇಳ್ಕೊಂಡೆ. ಅವ್ರು ನಕ್ಕು, ನನ್ನ ಒಂದು ಕಾಲಿಗೆ ಎಷ್ಟು ಜೊತೆ ಅಂತ ರೇಟು ಹಾಕಿದ್ದೀಯೋ ಅಂದ್ರು. ಸಾಲ ತೀರಿಸ್ಬೇಕು ಅಂತ ಮಾಡ್ಬೇಡ, ತೀರಿದೆ ಅಂತ ಮಾಡು. ಯೇಸು ಶಿಲುಬೆ ಮೇಲೆ ಎಲ್ಲಾ ತೀರಿಸಿ ಆಯ್ತು, ನೀನಿನ್ಯಾವ ಲೆಕ್ಕ ಬರೀತಿದ್ದೀಯ ಅಂದ್ರು."

ಆ ಮಾತು ಕೂಡಲೇ ಅರ್ಥವಾಗಲಿಲ್ಲವಂತೆ. ಆದರೆ ಮರುದಿನದಿಂದ ಕೈ ಓಡಿತು. ಇವರು ಮಾಡಿದ ಶೂ ಹಾಕಿಕೊಂಡೇ ವಾಚ್‌ಮನ್ ಒಟ್ಟು ಎಂಟು ವರ್ಷ ಕೋಲೂರಿಕೊಂಡು ನಡೆದರು, ಭಾನುವಾರದ ಆರಾಧನೆಗೆ ಇವರನ್ನೂ ಎಳೆದೊಯ್ದರು. ಈಗ ಅವರಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತಂದ ಅಳತೆಯಣ್ಣನ ಹೆಂಡತಿಗೆ ಗಂಡನನ್ನು ಹೊಗಳುವ ಅಭ್ಯಾಸವಿಲ್ಲ. "ನಮ್ಮನೇಲಿ ಕ್ಯಾಲೆಂಡರ್ ತೂಗುಹಾಕೋಕೂ ಒಂದು ಮೊಳೆ ಇಲ್ಲ. ಟೇಪ್ ಅಂಟಿಸ್ತಾರೆ. ತಿಂಗ್ಳಿಗೊಂದ್ಸಲ ಕ್ಯಾಲೆಂಡರ್ ಸಾರಿನ ಪಾತ್ರೆಗೆ ಬೀಳುತ್ತೆ" ಎನ್ನುತ್ತಾರೆ. ಡಬ್ಬಿ ಬಿಚ್ಚಿಡುತ್ತಾ ಸೇರಿಸುತ್ತಾರೆ: "ಮೊದ್ಲು ಇವ್ರು ಮನೇಲಿದ್ರೂ ಇಲ್ದಿದ್ದ ಹಾಗೆ ಇದ್ರು. ಈಗ ಇದ್ದಾರೆ. ಆಸ್ಪತ್ರೆಯವ್ರು ಈ ಕೆಲ್ಸ ಕಿತ್ಕೊಂಡ್ರೆ ಮತ್ತೆ ಹಾಗೇ ಆಗ್ಬಿಡ್ತಾರೇನೋ ಅಂತ ಒಂದೇ ಭಯ ನಂಗೆ."

ಈ ಭಯಕ್ಕೆ ಕಾರಣ ಮೇಜಿನ ಮೇಲೇ ಕೂತಿದೆ, ಒಂದು ರಟ್ಟಿನ ಪೆಟ್ಟಿಗೆ. ಯಂತ್ರದಲ್ಲಿ ತಯಾರಾದ ಚಪ್ಪಲಿಗಳ ಮಾದರಿಗಳು ಅದರಲ್ಲಿವೆ. ಕಂಪ್ಯೂಟರಿನಲ್ಲಿ ಪಾದದ ಅಳತೆ ಕಳಿಸಿದರೆ ಕಂಪನಿಯವರು ಅದಕ್ಕೆ ತಕ್ಕಂತೆ ಮೂರು ದಿನದಲ್ಲಿ ಮಾಡಿ ಕಳಿಸುತ್ತಾರೆ. ಪಾದದ ವಿಭಾಗ ನೋಡಿಕೊಳ್ಳುವ ಡಾಕ್ಟರಮ್ಮ ನೇರವಾಗಿಯೇ ಹೇಳಿದ್ದಾರೆ: ಪರೀಕ್ಷೆ ಮಾಡಿ ನೋಡಿ, ನೀವು ಸರಿ ಅಂದರೆ ಮುಂದಿನ ತಿಂಗಳಿಂದ ಇದನ್ನೇ ತರಿಸುತ್ತೇವೆ, ಬೇಡ ಅಂದರೆ ವಾಪಸ್ಸು. ಸರಿ ಅಂದರೆ ಈ ಕೋಣೆ ಹಾಸಿಗೆ ಬಟ್ಟೆಯ ಉಗ್ರಾಣವಾಗುತ್ತದೆ. ಅದನ್ನು ಯಾರೂ ಬಿಡಿಸಿ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ನನ್ನ ಕುತೂಹಲ ಇಲ್ಲಿಗೆ ಬಂದು ನಿಲ್ಲುತ್ತದೆ. ಬದುಕಿಗೊಂದು ಅರ್ಥ ಸಿಕ್ಕಿತು ಎನ್ನುವ ಮನುಷ್ಯ, ಆ ಅರ್ಥವನ್ನು ಹೊತ್ತ ಕೆಲಸವನ್ನೇ ತಾನಾಗಿ ಬಿಟ್ಟುಕೊಡುತ್ತಾನೆಯೇ? ಹುಡುಕಿದರೆ ಯಾವುದರಲ್ಲಿ ಹುಳುಕು ಸಿಗುವುದಿಲ್ಲ? ಪಟ್ಟಿ ಬಿಗಿಯಾಯಿತು ಎಂದರೂ ಸಾಕು. ನಿಜ ಹೇಳಬೇಕೆಂದರೆ, ಅವರು ಹಾಗೆ ಹೇಳಲಿ ಎಂದೇ ನಾನು ಒಳಗೊಳಗೆ ಹಾರೈಸುತ್ತಿದ್ದೇನೆ.

ಹಳೆಯ ರೋಗಿಯಾದ ಅಜ್ಜಿಯ ಅಳತೆ ಹೋದ ವಾರವೇ ಕಂಪನಿಗೆ ಹೋಗಿತ್ತು, ಅವರದ್ದೂ ಒಂದು ಜೊತೆ ಬಂದಿದೆ. ಅದನ್ನು ಹಾಕಿ ನೋಡಲು ಅಜ್ಜಿ ಮಧ್ಯಾಹ್ನ ಮತ್ತೆ ಬಂದಿದ್ದಾರೆ. ಅಳತೆಯಣ್ಣ ಮೊದಲು ಒಳಗೆ ಕೈ ಹಾಕಿ ಹೊಲಿಗೆಯುದ್ದಕ್ಕೂ ಬೆರಳಾಡಿಸುತ್ತಾರೆ. ಚಪ್ಪಲಿಯನ್ನು ಎರಡು ಮಡಿಕೆಯಾಗಿ ಬಗ್ಗಿಸುತ್ತಾರೆ. ನೀರಲ್ಲಿ ಅದ್ದಿ ಒರೆಸುತ್ತಾರೆ. ಕೊನೆಗೆ ತಾವು ಮಾಡಿದ ಹಳೆಯ ಚಪ್ಪಲಿಯಲ್ಲಿ ಒಂದು, ಹೊಸದರಲ್ಲಿ ಒಂದು ಬಿಳಿ ಹಾಳೆಯನ್ನು ಕಾರ್ಬನ್ ಸಮೇತ ಇಟ್ಟು, ಒಂದಾದ ಮೇಲೊಂದರಂತೆ ಅಜ್ಜಿಗೆ ಹಾಕಿಸಿ ಕೋಣೆಯಿಂದ ಗೇಟಿನವರೆಗೆ ನಡೆಸುತ್ತಾರೆ. ಎರಡೂ ಹಾಳೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. ನನಗೂ ಕಾಣುತ್ತದೆ. ಅಳತೆಯಣ್ಣ ಮಾಡಿದ್ದರಲ್ಲಿ ಹೆಬ್ಬೆರಳ ಬುಡಕ್ಕೆ ಇನ್ನೂ ಕಪ್ಪು ಉಳಿದಿದೆ. ಹೊಸದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೂದು.

ಅಜ್ಜಿಗೆ ವಿಷಯದ ವಾಸನೆ ಹತ್ತಿದೆ. "ನಂಗೆ ನಿನ್ನದೇ ಇರ್ಲಿ ಕಣಪ್ಪ. ಹಳೇದು ರೂಢಿಯಾಗಿದೆ" ಎನ್ನುತ್ತಾರೆ.

"ಹಳೇದು ಹಾಕ್ಕೊಂಡ್ರೆ ಹುಣ್ಣಾಗುತ್ತೆ ಅಜ್ಜಿ."

ಡಾಕ್ಟರಮ್ಮ ಬಂದಾಗ ಅವರು ಎರಡೂ ಹಾಳೆಗಳನ್ನು ಮುಂದಿಡುತ್ತಾರೆ. "ಚೆನ್ನಾಗಿದೆ ಮೇಡಂ. ನಂದಕ್ಕಿಂತ ಹಗುರ, ಹೊಲಿಗೆ ಎಲ್ಲೂ ತಾಕಲ್ಲ. ತರಿಸಿ."

"ಅವಸರ ಇಲ್ಲ, ಯೋಚ್ನೆ ಮಾಡಿ ನಾಳೆ ಹೇಳಿ" ಎನ್ನುತ್ತಾರೆ ಡಾಕ್ಟರಮ್ಮ.

"ನಾಳೆಗೂ ಈ ಹಾಳೆ ಹೀಗೇ ಇರುತ್ತೆ ಮೇಡಂ."

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಳ್ಳುವುದು ಎಂದರೆ ಇದೇ ಅಲ್ಲವೇ! ಡಾಕ್ಟರಮ್ಮ ಹಾಳೆಗಳನ್ನು ತೆಗೆದುಕೊಂಡು ಹೋಗುತ್ತಾರೆ. ಹೆಂಡತಿ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಾ ಗಂಡನ ಮುಖವನ್ನೇ ನೋಡುತ್ತಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಅವರು ಮಾತ್ರ ನೆಲದ ಮೇಲೆ ಬಿದ್ದ ರಬ್ಬರ್ ಚೂರುಗಳನ್ನು ಗುಡಿಸುತ್ತಿದ್ದಾರೆ. ಇನ್ನು ನಿಮಗೆ ಉಳಿದದ್ದೇನು ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

ಅವರಿಗೆ ಬೇಸರವಾದಂತಿಲ್ಲ. ಪೊರಕೆ ಹಿಡಿದೇ ಯೋಚಿಸುತ್ತಾರೆ. "ಚಪ್ಪಲಿ ಮಾಡೋದೇ ನನ್ನ ಬದುಕು ಅಂತ ನಾನೂ ತಿಳ್ಕೊಂಡಿದ್ದೆ. ಈ ಪೆಟ್ಟಿಗೆ ಬಂದ ದಿನ ಹೆದರಿದೆ, ಸುಳ್ಳು ಹೇಳಲ್ಲ. ಎರಡು ದಿನ ಪ್ರಾರ್ಥನೆ ಮಾಡಿದೆ. ಇದ್ರಲ್ಲೊಂದು ತಪ್ಪು ತೋರ್ಸಪ್ಪಾ ಅಂತ್ಲೂ ಕೇಳ್ಕೊಂಡೆ" ಎಂದು ನಾಚಿ ನಗುತ್ತಾರೆ. "ಆಮೇಲೆ ಅನ್ನಿಸ್ತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದು ಒಂದೇ ಸಲ. ಅದಕ್ಕೊಂದು ಅಂಗಡಿ ಇಟ್ಕೊಳ್ಲಿಲ್ಲ. ಆದ್ರೆ ಕಾಲು ತೊಳೆದ ಪ್ರೀತಿ ಮುಗೀತಾ? ಅವತ್ತು ಆ ಹಾಸಿಗೆ ಪಕ್ಕ ನನ್ನನ್ನ ಹಿಡ್ಕೊಂಡಿದ್ದು ಚಪ್ಪಲಿ ಅಲ್ಲ, ಯೇಸು. ಅವನು ಕೈ ಬಿಡಲ್ಲ. ಅಷ್ಟು ಗೊತ್ತು ನಂಗೆ."

ಹಾಗಾದರೆ ಆಸೆ ಅಂತ ಏನೂ ಇಲ್ಲವೇ? ಇದೆ. ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸಿಂಗ್ ಕೋಣೆಯ ಹೊರಗೆ ರೋಗಿಗಳು ಕಾಯುವ ಬೆಂಚಿನ ಪಕ್ಕ ಒಂದು ಚಾಪೆಯಷ್ಟು ಜಾಗ ಕೊಡಿ ಎಂದು ಡಾಕ್ಟರಮ್ಮನನ್ನು ಕೇಳಬೇಕೆಂದಿದ್ದಾರೆ. ಚಾಪೆಯ ಮೇಲೆ ಕುಳಿತು ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

"ದಿನಾ ಅಂಗಾಲು ನೋಡ್ಕೊಳ್ಳಿ ಅಂತ ಎಲ್ರಿಗೂ ಹೇಳಿ ಕಳಿಸ್ತಾರೆ. ಈ ಅಜ್ಜಿಗೆ ಬಗ್ಗಿ ನೋಡೋಕಾಗುತ್ತಾ? ಸೊಂಟ ಹಿಡಿದಿರುತ್ತೆ, ಕಣ್ಣು ಮಂಜು. ಮನೇಲಿ ಇನ್ನೊಬ್ರ ಅಂಗಾಲು ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಯಾರಾದ್ರೂ ಬಗ್ಬೇಕಲ್ಲ" ಎನ್ನುತ್ತಾ ಅಳತೆಯಣ್ಣ ಅಜ್ಜಿಯ ಮುಂದೆ ಮತ್ತೆ ಮಂಡಿಯೂರುತ್ತಾರೆ, ಹೊಸ ಚಪ್ಪಲಿಯ ಪಟ್ಟಿಯನ್ನು ಒಂದಿಷ್ಟು ಸಡಿಲಿಸುತ್ತಾರೆ. "ನಂಗಿನ್ನೂ ಚೆನ್ನಾಗಿ ಬಗ್ಗೋಕಾಗುತ್ತೆ."